ನಾಲ್ಕನೆಯ ಗುಂಡಿ

ನಾನು ಅಕ್ಕ ಎಂದು ಕರೆಯುತ್ತಿದ್ದವರು ತೀರಿಕೊಂಡ ಮೇಲೆ ನಾಟಕ ಮಂಡಳಿಯವರು ಅವರ ನೆನಪಿಗೆ ಪುಸ್ತಕ ತರುತ್ತಿದ್ದಾರೆ. 'ಕಲೆಗಾಗಿ ರಕ್ತ ಸುರಿಸಿದ ನಟಿ' ಎಂದು ರಟ್ಟಿನ ಮೇಲೆ ಹಾಕುತ್ತಾರಂತೆ. ಇಪ್ಪತ್ತೆರಡು ವರ್ಷ ಅವರಿಗೆ ಬಟ್ಟೆ ತೊಡಿಸಿದವಳು ನಾನು, ಹಾಗಾಗಿ ನನ್ನಿಂದಲೂ ಎರಡು ಪುಟ ಕೇಳಿದರು. ಆ ರಕ್ತ ಒರೆಸಿದವಳೂ ನಾನೇ. ರಟ್ಟಿನ ಆ ಮಾತು ನನಗೆ ಒಪ್ಪಿಗೆಯಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಕ್ಕ ಬಸ್ ಡ್ರೈವರ್ ಮಗಳು. ಹದಿನೇಳು ವರ್ಷಕ್ಕೆ ಮಂಡಳಿಗೆ ಬಂದಾಗ ಬಾಗಿಲಲ್ಲಿ ಟಿಕೆಟ್ ಹರಿಯುವ ಕೆಲಸ. ಒಂದು ಸಂಜೆ ದಾದಿ ಪಾತ್ರದವಳಿಗೆ ಜ್ವರ ಬಂತು. ಮೂರೇ ಮಾತಿನ ಪಾತ್ರ, ಅಕ್ಕ ಮಾಡಿದರು. ಆಮೇಲೆ ಜಗಳಗಂಟಿ ನೆರೆಯವಳು, ಕುಡುಕನ ಹೆಂಡತಿ, ಕೊಟ್ಟದ್ದೆಲ್ಲ ಮಾಡಿದರು. ಮೂವತ್ತಾರನೆಯ ವಯಸ್ಸಿನಲ್ಲಿ ತಾಯಿಯ ಪಾತ್ರ ಸಿಕ್ಕಿತು. ಮಗನ ಹೆಣ ಗುರುತಿಸಲು ಆಸ್ಪತ್ರೆಗೆ ಬರುವ ತಾಯಿ. ಕೊನೆಯ ದೃಶ್ಯದಲ್ಲಿ ಮಾತೇ ಇಲ್ಲ. ಜನಕ್ಕೆ ಬೆನ್ನು ಮಾಡಿ ನಿಲ್ಲಬೇಕು, ಅಷ್ಟೇ.

ಆ ದೃಶ್ಯಕ್ಕೆ ಕಪ್ಪು ನಿಲುವಂಗಿ, ಬೆನ್ನಿನುದ್ದಕ್ಕೂ ಒಂಬತ್ತು ಗುಂಡಿ. ಪರದೆಯ ಪಕ್ಕದ ಕತ್ತಲಲ್ಲಿ, ನಲವತ್ತು ಎಣಿಸುವುದರೊಳಗೆ ತೊಡಿಸಬೇಕು. ಮೊದಲ ಪ್ರದರ್ಶನದ ದಿನ ಮೇಲಿನಿಂದ ನಾಲ್ಕನೆಯ ಗುಂಡಿ ನನ್ನ ಕೈಯಲ್ಲೇ ಕಿತ್ತು ಬಂತು. ಮಣಿಕಟ್ಟಿಗೆ ಕಟ್ಟಿಕೊಂಡ, ಸೂಜಿ ಸಿಕ್ಕಿಸಿಡುವ ಪುಟ್ಟ ದಿಂಬಿನಿಂದ ಗುಂಡುಸೂಜಿ ಎಳೆದು ಚುಚ್ಚಿಬಿಟ್ಟೆ. ಬಟ್ಟೆಯ ಜೊತೆಗೆ ಅಕ್ಕನ ಚರ್ಮವೂ ಸಿಕ್ಕಿತ್ತು. ತಪ್ಪು ನನ್ನದೇ.

ಪರದೆ ಬಿದ್ದದ್ದೇ ಅಕ್ಕ ತಿರುಗಿದರು. "ಏನೇ ಚುಚ್ಚಿದೆ ನನ್ನ ಬೆನ್ನಿಗೆ?"

"ಅಯ್ಯೋ ಅಕ್ಕ, ಗುಂಡಿ ಕಿತ್ಕೊಂಡ್ ಬಂತು..."

ಅಷ್ಟರಲ್ಲಿ ಮಂಡಳಿಯ ಯಜಮಾನರು ಮೂಗೊರೆಸಿಕೊಳ್ಳುತ್ತ ಓಡಿ ಬಂದರು. "ಆ ಭುಜ ನಡುಗಿದ್ದು! ಎಂಥಾ ನಡುಕ ತಾಯಿ! ಹಾಲ್‌ನಲ್ಲಿ ಒಬ್ರ ಕಣ್ಣೂ ಒಣಗಿಲ್ಲ!"

ಅಕ್ಕ ನನ್ನನ್ನು ಬಿಟ್ಟು ಅವರಿಗೆ ಕೈ ಮುಗಿದರು. ಮರುದಿನ ಪತ್ರಿಕೆಯಲ್ಲೂ ಅದೇ ಹೊಗಳಿಕೆ. ಸಂಜೆ ಕೇಳಿದರು, "ಗುಂಡಿ ಹೊಲ್ದ್ಯಾ?"

"ಜೋಡು ದಾರ ಹಾಕಿ ಹೊಲ್ದಿದೀನಿ ಅಕ್ಕ."

"ಸೂಜೀನೂ ಇರ್ಲಿ. ಅಲ್ಲೇ ಇರ್ಲಿ."

ತಮಾಷೆ ಎಂದುಕೊಂಡೆ. ತಮಾಷೆಯಾಗಿರಲಿಲ್ಲ. ಅವತ್ತಿನಿಂದ ಮುನ್ನೂರ ಹನ್ನೊಂದು ಪ್ರದರ್ಶನ, ಪ್ರತಿ ಸಲವೂ ನಾನೇ ಚುಚ್ಚಿದೆ. ದೀಪ ಹಾಕುತ್ತಿದ್ದ ನಮ್ಮ ಮನೆಯವರು, "ನೀನು ಬಟ್ಟೆ ಹಾಕೋಳೋ, ಇಂಜೆಕ್ಷನ್ ಹಾಕೋಳೋ?" ಎಂದು ರೇಗಿಸುತ್ತಿದ್ದರು. ಕೀವು ಮೆತ್ತಿದ ಹತ್ತಿ ಕಂಡ ದಿನ ರೇಗಿಸುವುದನ್ನು ಬಿಟ್ಟರು. ಬೆವರು, ಬಣ್ಣದ ಜಿಡ್ಡು, ಅದರ ಮೇಲೆ ಆ ಹುಣ್ಣಿನ ವಾಸನೆ. ಅಂಗಿಯನ್ನು ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಆ ಕೈಯಲ್ಲಿ ಊಟ ಮಾಡಲು ಹೇಸಿಗೆಯಾಗಿ ಚಮಚ ಹಿಡಿದೆ. ಯಜಮಾನರಿಗೆ ಹೇಳಿದರೆ, "ಹೌಸ್‌ಫುಲ್ ಹೋಗ್ತಿದೆ, ನೀನ್ ಸುಮ್ನಿರಮ್ಮ" ಎಂದರು.

ಕೊನೆಗೆ ಡಾಕ್ಟರು ಅಕ್ಕನಿಗೆ ನನ್ನೆದುರೇ ಹೇಳಿದರು: "ಇನ್ನೊಂದ್ಸಲ ಚುಚ್ಚಿ ಕೀವು ಎಡಭುಜದ ಒಳಗಿಳಿದ್ರೆ ಕೊಯ್ಬೇಕಾಗತ್ತೆ. ಆಮೇಲೆ ಎಡಗೈ ಮೇಲೇಳ್ಲಿಲ್ಲ ಅಂತ ನನ್ನ ಹತ್ರ ಬರ್ಬೇಡಿ."

ಆ ತಿಂಗಳೇ ನಾಟಕ ಸಿನಿಮಾ ಆಗುವುದಿತ್ತು. ಅಕ್ಕನಿಗೆ ಅದು ಮೊದಲ ಸಿನಿಮಾ. ಸೂಜಿಯ ಗುಟ್ಟನ್ನು ಅವರೇ ಡೈರೆಕ್ಟರಿಗೆ ಹೇಳಿದ್ದರು, ಆತ ಕೇಳಿ ಕುಣಿದಾಡಿದ್ದ.

ಶೂಟಿಂಗ್ ದಿನ ನಾನೊಂದು ಕೆಲಸ ಮಾಡಿದೆ. ಇಕ್ಕಳದಲ್ಲಿ ಸೂಜಿಯ ಮೊನೆ ಕತ್ತರಿಸಿ, ಕಲ್ಲಿಗೆ ತಿಕ್ಕಿ ನುಣ್ಣಗೆ ಮಾಡಿದೆ. ಹುಣ್ಣಿನ ಮೇಲೆ ದಪ್ಪ ಪಟ್ಟಿ ಕಟ್ಟಿ, ಸೂಜಿಯನ್ನು ಅಂಗಿಯ ಅಸ್ತರಿನ ಹೊಲಿಗೆ ಸಂದಿಗೆ ತೂರಿಸಿ ಒಂಬತ್ತು ಗುಂಡಿ ಹಾಕಿದೆ. ನಾನು ಬೆರಳಲ್ಲಿ ಒತ್ತಿದ್ದನ್ನೇ ಚುಚ್ಚಿದ್ದು ಎಂದುಕೊಂಡು ಅಕ್ಕ ಹೋಗಿ ಬೆನ್ನು ಮಾಡಿ ನಿಂತರು. ಭುಜ ನಡುಗಿತು. ನಾಟಕದಲ್ಲಿ ನಡುಗಿದ್ದಕ್ಕಿಂತ ಚೆನ್ನಾಗಿ ನಡುಗಿತು. ದೀಪ ಹಿಡಿದಿದ್ದವರೇ ಕಣ್ಣೊರೆಸಿಕೊಂಡರು.

ನನಗೆ ಖುಷಿ ತಡೆಯಲಾಗಲಿಲ್ಲ. ಸೂಜಿ ತೆಗೆದು ಅಕ್ಕನ ಅಂಗೈಗಿಟ್ಟೆ. "ನೋಡಿ ಅಕ್ಕ, ಮೊನೆನೇ ಇಲ್ಲ. ಅದಷ್ಟೂ ನೀವೇ ಮಾಡಿದ್ದು."

ಅಕ್ಕನ ಮುಖ ಕಪ್ಪಿಟ್ಟಿತು. "ನನ್ನ ಬೆಪ್ಪು ಮಾಡಿದ್ಯೇನೇ? ಸುಳ್ಳಾಯ್ತಲ್ಲೇ ಇದು! ನಿಜವಾದ್ದು ಚುಚ್ಚು. ಇನ್ನೊಂದ್ಸಲ ತೆಗೀಲಿ."

"ಡಾಕ್ಟ್ರು ಹೇಳಿದ್ದು ಮರೆತ್ರಾ? ಕೈ ಹೋಗತ್ತೆ ಅಕ್ಕ. ನಾನಂತೂ ಚುಚ್ಚಲ್ಲ."

"ಕೊಡಮ್ಮ ಇಲ್ಲಿ" ಎಂದು ಡೈರೆಕ್ಟರ್ ನನ್ನ ಮಣಿಕಟ್ಟಿನ ದಿಂಬಿನಿಂದ ಸೂಜಿ ಕಿತ್ತುಕೊಂಡ. ಪಟ್ಟಿ ಬಿಚ್ಚಿದ. ನಾಲಿಗೆ ಕಚ್ಚಿಕೊಂಡು, ಕ್ಯಾಲೆಂಡರಿಗೆ ಮೊಳೆ ಹೊಡೆಯುವವನ ಹಾಗೆ ಚುಚ್ಚಿದ. ಅಂಗಿಯ ಗುಂಡಿಯನ್ನೂ ಅವನೇ ಹಾಕಿದ. ಎರಡನೆಯದನ್ನು ಮೂರನೆಯದರ ಕಾಜಾಕ್ಕೆ ಸಿಕ್ಕಿಸಿ, ಕೆಳಗಿನವರೆಗೂ ಸೊಟ್ಟ ಮಾಡಿದ. ಹತ್ತು ಜನ ಸುತ್ತ ನಿಂತು ನೋಡುತ್ತಿದ್ದರು, ಒಬ್ಬ ಬನ್ ತಿನ್ನುತ್ತಿದ್ದ. ದಿಂಬು ಬಿಚ್ಚಿ ಕುರ್ಚಿಯ ಮೇಲಿಟ್ಟು ಹೊರಟುಬಂದೆ. ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ.

ಹದಿನೈದು ದಿನಕ್ಕೆ ಅಕ್ಕನ ಬೆನ್ನು ಕೊಯ್ದರು. ಎಡಗೈ ಭುಜದಿಂದ ಮೇಲೇಳಲಿಲ್ಲ. ಸಿನಿಮಾಕ್ಕೆ ದೊಡ್ಡ ಪ್ರಶಸ್ತಿ ಬಂತು, ಅಕ್ಕ ಅದನ್ನು ಒಂದೇ ಕೈಯಲ್ಲಿ ಹಿಡಿದುಕೊಂಡು ನಿಂತ ಫೋಟೋ ಎಲ್ಲ ಪತ್ರಿಕೆಯಲ್ಲೂ ಬಂತು.

ನಾನೂ ಥಿಯೇಟರಿಗೆ ಹೋಗಿ ನೋಡಿದೆ. ಕೊನೆಯ ದೃಶ್ಯದಲ್ಲಿ ಪಕ್ಕದವರೆಲ್ಲ ಅಳುತ್ತಿದ್ದರು, ನಾನು ಗುಂಡಿ ಎಣಿಸುತ್ತಿದ್ದೆ. ಒಂಬತ್ತೂ ತಮ್ಮ ತಮ್ಮ ಕಾಜಾದಲ್ಲಿ ನೆಟ್ಟಗಿದ್ದವು. ಸಿನಿಮಾದವರು ಇಟ್ಟುಕೊಂಡದ್ದು ಮೊದಲ ಸಲ ತೆಗೆದದ್ದನ್ನೇ. ಡೈರೆಕ್ಟರ್ ಚುಚ್ಚಿ ತೆಗೆದದ್ದು ಯಾವ ಉಪಯೋಗಕ್ಕೂ ಬಾರದೆ ಕಸಕ್ಕೆ ಹೋಗಿತ್ತು.

ನೇರ ಅಕ್ಕನ ಮನೆಗೆ ಹೋದೆ. ಅವರ ತಂಗಿ ಅವರಿಗೆ ತಲೆ ಬಾಚುತ್ತಿದ್ದಳು.

"ಅಕ್ಕ, ಒಂಬತ್ತು ಗುಂಡೀನೂ ನೆಟ್ಟಗಿದೆ."

ತಂಗಿಯನ್ನು ಒಳಗೆ ಕಳಿಸಿ ಅಕ್ಕ ಮೆಲ್ಲಗೆ ಹೇಳಿದರು, "ನಂಗೂ ಗೊತ್ತು ಕಣೇ. ನಾನಿರೋವರ್ಗೂ ಯಾರ್ಗೂ ಹೇಳ್ಬೇಡ. ಸುಮ್ಸುಮ್ನೆ ಕಳ್ಕೊಂಡೆ ಅಂತ ಗೊತ್ತಾದ್ರೆ ಈ ಕೈನ ಎಲ್ಲಿ ಬಚ್ಚಿಡ್ಲಿ?"

ಹದಿನೆಂಟು ವರ್ಷ ಯಾರಿಗೂ ಹೇಳಲಿಲ್ಲ. ಈಗ ಅವರಿಲ್ಲ. ಚುಚ್ಚಿಸಿದವರು, ಚುಚ್ಚಿದವರು, ನೋಡುತ್ತ ನಿಂತವರು ಸೇರಿ ಆ ಹುಣ್ಣಿಗೆ ಕಲೆ ಎಂದು ಹೆಸರಿಡುತ್ತಿದ್ದಾರೆ. ಮುನ್ನೂರ ಹನ್ನೊಂದು ಸಲ ಚುಚ್ಚಿದವಳು ನಾನು, ಅವರ ಪೈಕಿಯೇ. ಅಕ್ಕ ದೊಡ್ಡ ನಟಿ. ಮೊನೆಯಿಲ್ಲದ ಸೂಜಿಯಲ್ಲೂ ಭುಜ ನಡುಗಿಸಿದ ನಟಿ. ರಟ್ಟಿನ ಮೇಲಿನ ಆ ಮಾತು ತೆಗೆಯಿರಿ. ನಂಬಿಕೆ ಬಾರದಿದ್ದರೆ ಸಿನಿಮಾ ಹಾಕಿಕೊಂಡು, ಕುತ್ತಿಗೆಯಿಂದ ಕೆಳಗೆ ಎಣಿಸುತ್ತ ಬನ್ನಿ.