ಬೇಸ್‌ಬಾಲ್ ಆಟಗಾರನ ಹಣೆಗೆ ಕುಂಕುಮ

ಹಳೆಯ ಬೇಸ್‌ಬಾಲ್ ಕಾರ್ಡನ್ನು ಹಿಡಿಯುವುದಕ್ಕೂ ಒಂದು ಕ್ರಮವಿದೆ. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಅಂಚನ್ನಷ್ಟೇ ಹಿಡಿಯಬೇಕು. ಚಿತ್ರಕ್ಕೆ ಬೆರಳು ತಾಗಬಾರದು, ಮೂಲೆ ಮುದುಡಬಾರದು. ಒದ್ದೆ ಕೈಯಲ್ಲಂತೂ ಅದರ ಹತ್ತಿರವೂ ಸುಳಿಯಬಾರದು. ನಾನು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ದಿನವಿಡೀ ಗಾಜನ್ನು ಅಂಚಿನಲ್ಲಿ ಹಿಡಿದು ಹಿಡಿದು ನನ್ನ ಬೆರಳುಗಳಿಗೆ ಅದೇ ರೂಢಿಯಾಗಿದೆ. ಹಾಗಾಗಿ ಈ ಹುಚ್ಚು ನನಗೆ ಹೇಳಿ ಮಾಡಿಸಿದ ಹುಚ್ಚು.

ಕಾರ್ಡು ಅಂದರೆ ದೊಡ್ಡದೇನಲ್ಲ, ಅಂಗೈಯಗಲದ ರಟ್ಟು. ಮುಂದೆ ಆಟಗಾರನ ಬಣ್ಣದ ಚಿತ್ರ, ಹಿಂದೆ ಅವನ ಆಟದ ಲೆಕ್ಕ. ಒಂದು ಕಾಲಕ್ಕೆ ಮಕ್ಕಳಿಗೆ ಬಬಲ್ ಗಮ್ ಜೊತೆಗೆ ಪುಕ್ಕಟೆ ಬರುತ್ತಿದ್ದವು. ಈಗ ಅವನ್ನು ತಲೆ ನೆರೆತವರು ಹುಡುಕಿಕೊಂಡು ಅಲೆಯುತ್ತಾರೆ. ಆ ತಲೆ ನೆರೆತವರಲ್ಲಿ ಹುಬ್ಬಳ್ಳಿಯವಳಾದ ನಾನೂ ಒಬ್ಬಳು.

ಈ ಗೀಳು ಹತ್ತಿದ್ದು ಎರಿನ್ ಮಿಲ್ಸ್ ಎಂಬ ಬಡಾವಣೆಯಲ್ಲಿ. ಈ ಹಿಮದ ದೇಶಕ್ಕೆ ಬಂದ ಹೊಸತು. ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು, ಕಿಟಕಿಯಿಂದ ಹೋಗಿಬರುವವರ ಕಾಲು ಮಾತ್ರ ಕಾಣುತ್ತಿದ್ದವು. ಒಂದು ಶನಿವಾರ ಅದೇ ಬೀದಿಯ ಗ್ಯಾರೇಜ್ ಸೇಲಿನಲ್ಲಿ ಕುಕ್ಕರ್ ಹುಡುಕುತ್ತಿದ್ದವಳಿಗೆ ಬೂಟಿನ ಡಬ್ಬಿಯ ತುಂಬ ಕಾರ್ಡು ಸಿಕ್ಕವು. ಬೇಸ್‌ಬಾಲಿನ ತಲೆ ಯಾವುದು ಬುಡ ಯಾವುದು ಆಗ ನನಗೆ ಗೊತ್ತಿರಲಿಲ್ಲ. ಆದರೆ ಡಬ್ಬಿಯ ಮುಚ್ಚಳ ತೆಗೆದಾಗ ಬಂದ ಹಳೆ ರಟ್ಟಿನ ವಾಸನೆ ನನ್ನನ್ನು ಸೀದಾ ಹುಬ್ಬಳ್ಳಿಯ ಓಣಿಗೆ ಒಯ್ದು ನಿಲ್ಲಿಸಿತು. ಅಲ್ಲಿ ನಾನೂ ನನ್ನ ಅಣ್ಣನೂ ಪಾನ್ ಅಂಗಡಿಗಳ ಮುಂದೆ ಬಗ್ಗಿ ಬಗ್ಗಿ ಕಡ್ಡಿಪೆಟ್ಟಿಗೆಯ ಚಿತ್ರ ಆರಿಸುತ್ತಿದ್ದೆವು. ಹಡಗು, ಕುದುರೆ, ಎರಡು ತಲೆಯ ಹಕ್ಕಿ. ಎರಡು ಹಡಗಿಗೆ ಒಂದು ಕುದುರೆ ಎಂದು ಅಣ್ಣ ನನಗೆ ಟೋಪಿ ಹಾಕುತ್ತಿದ್ದ. ಕುಕ್ಕರ್ ಬಿಟ್ಟು ಡಬ್ಬಿ ಹೊತ್ತು ಬಂದೆ. ನನ್ನ ಗಂಡ ಒಳಗೆ ಇಣುಕಿ, "ಅನ್ನಾ ಇದರಾಗ ಮಾಡ್ತೀಯೇನು?" ಅಂದ.

ಆಟ ಕಲಿತದ್ದು ಕಾರ್ಡಿನ ಬೆನ್ನು ಓದಿ. ಆಮೇಲೆ ಒಂದೊಂದು ಕಾರ್ಡಿಗೂ ನನ್ನದೇ ಒಂದು ಕತೆ ಅಂಟಿಕೊಳ್ಳುತ್ತ ಹೋಯಿತು. ಮುಖಕ್ಕೆ ಜಾಲರಿ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವನ ಕಾರ್ಡೊಂದಿದೆ. ಅದನ್ನು ಕೊಂಡದ್ದು ನಾನು ಡ್ರೈವಿಂಗ್ ಟೆಸ್ಟಿನಲ್ಲಿ ಮತ್ತೊಮ್ಮೆ ಫೇಲಾದ ದಿನ. ನನಗಿಂತ ಕಷ್ಟದ ಕೆಲಸ ಮಾಡುವವರೂ ಇದ್ದಾರಲ್ಲ ಎಂದು ಸಮಾಧಾನವಾಗಿತ್ತು. ಇನ್ನೊಂದರಲ್ಲಿ ಮೈದಾನದ ತುದಿಯಲ್ಲಿ ನಿಂತವನೊಬ್ಬ ಕತ್ತೆತ್ತಿ ಆಕಾಶ ನೋಡುತ್ತಿದ್ದಾನೆ. ಅಪ್ಪ ತೀರಿಕೊಂಡ ಸುದ್ದಿ ಬಂದ ವಾರ ಅದು ಕೈಗೆ ಬಂತು. ಇಲ್ಲಿ ನೆಲೆಸುವ ಅನುಮತಿಗೆಂದು ಕೊಟ್ಟ ನನ್ನ ಕಾಗದಪತ್ರ ಇನ್ನೂ ಸರ್ಕಾರದ ಹತ್ತಿರ ಇದ್ದವು, ಊರಿಗೆ ಹೋಗಲಾಗಲಿಲ್ಲ. ಚೆಂಡು ಎಲ್ಲಿ ಬೀಳುತ್ತದೋ ಎಂದು ಕಾಯುತ್ತ ನಿಂತವನನ್ನು ನೋಡಿದರೆ ಈಗಲೂ ನನಗೆ ಅಳು ಬರುತ್ತದೆ. ಅವನ ಹೆಸರು ಎಷ್ಟು ಸಲ ಓದಿದರೂ ನೆನಪಿನಲ್ಲಿ ಉಳಿಯುವುದಿಲ್ಲ.

ಥಾರ್ನ್‌ಹಿಲ್‌ಗೆ ಮನೆ ಬದಲಿಸಿದ ಮೇಲೆ ನೆರೆಮನೆಯ ಮುದುಕರ ಪರಿಚಯವಾಯಿತು. ಇಲ್ಲಿಯವರೇ, ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಒಮ್ಮೆ ಹಿಮ ಗೋರುವಾಗ ನನ್ನ ಕಾರಿನ ಸೀಟಿನ ಮೇಲಿದ್ದ ಕಾರ್ಡುಗಳನ್ನು ಕಂಡು ಅವರ ಕಣ್ಣು ಅರಳಿತು. ಆಮೇಲೆ ಹಿಮ ಗೋರುವುದು ಅಷ್ಟಕ್ಕಷ್ಟೆ, ಮಾತೇ ಹೆಚ್ಚು. ಅಂಚು ಹಿಡಿಯುವುದನ್ನು, ಪ್ಲಾಸ್ಟಿಕ್ ಕವರಿಗೆ ಹಾಕುವುದನ್ನು, ನಕಲಿ ಕಾರ್ಡನ್ನು ಗುರುತಿಸುವುದನ್ನು ನನಗೆ ಕಲಿಸಿದವರು ಅವರೇ. ತಮ್ಮ ಸಂಗ್ರಹವನ್ನೆಲ್ಲ ಅವರು ಆಗಲೇ ಹಂಚಿಬಿಟ್ಟಿದ್ದರು. ಉಳಿಸಿಕೊಂಡದ್ದು ಒಂದನ್ನು ಮಾತ್ರ. ಚೆಂಡು ಎಸೆಯಲು ತೋಳೆತ್ತಿ ನಿಂತ ಆಟಗಾರ, ಟೋಪಿ ಹಿಂದಕ್ಕೆ ಸರಿದು ಹಣೆಯೆಲ್ಲ ಕಾಣುತ್ತದೆ. ಹೆಸರು ಮಾಡಿದವನೇನಲ್ಲ. ಮುದುಕರು ಚಿಕ್ಕವರಿದ್ದಾಗ ಬಬಲ್ ಗಮ್ ಕೊಂಡು ಪಡೆದದ್ದಂತೆ. ಅವರ ಬಾಲ್ಯದ್ದೆಂದು ಉಳಿದ ಕಾರ್ಡು ಅದೊಂದೇ. ಯಾಕೆ ಒಂದೇ ಎಂದು ನಾನು ಕೇಳಿರಲಿಲ್ಲ.

ಸೊಂಟ ಕೈಕೊಟ್ಟ ಮೇಲೆ ಅವರು ರಿಚ್ಮಂಡ್ ಹಿಲ್‌ನ ಒಂದು ವೃದ್ಧಾಶ್ರಮಕ್ಕೆ ಹೋದರು. ಹೋಗುವ ಮುಂಚೆ ಆ ಕಾರ್ಡನ್ನು ನನ್ನ ಕೈಗಿಟ್ಟು, "ಅಲ್ಲಿ ಸಾಮಾನು ಎಲ್ಲೆಲ್ಲೋ ಹೋಗುತ್ತವಂತೆ. ಇದು ನಿನ್ನ ಹತ್ತಿರ ಇರಲಿ. ಕೇಳಿದಾಗ ತಂದು ತೋರಿಸು," ಅಂದರು. ಅಂದಿನಿಂದ ಭಾನುವಾರ ಅಂದರೆ ಆಲ್ಬಮ್ ಹಿಡಿದು ಅವರಲ್ಲಿಗೆ ಹೋಗುವುದು ಎಂದಾಯಿತು. ಅವರ ಕಾರ್ಡಿಗೆ ಆಲ್ಬಮ್ಮಿನ ಮೊದಲ ಪುಟ. ಬೇರೆಯವರ ವಸ್ತುವೊಂದು ಮನೆಯಲ್ಲಿದ್ದರೆ ನನಗೆ ನಿದ್ದೆಯೂ ಸರಿಯಾಗಿ ಬರುವುದಿಲ್ಲ. ಅಜ್ಜಾರ ಕಾರ್ಡು ಎಲ್ಲಿದೆ, ಅಜ್ಜಾರ ಕಾರ್ಡಿನ ಹತ್ತಿರ ಚಹಾ ಇಡಬೇಡಿ ಎಂದು ಮನೆಯವರ ತಲೆ ತಿನ್ನುತ್ತಿದ್ದೆ.

ಅಷ್ಟು ಹೊತ್ತಿಗೆ ಧಾರವಾಡದಿಂದ ಅತ್ತೆ ಬಂದು ನಮ್ಮ ಜೊತೆ ಇರತೊಡಗಿದ್ದರು. ಅವರ ಲೆಕ್ಕದಲ್ಲಿ ನನ್ನ ಸಂಗ್ರಹಕ್ಕೆ ಒಂದೇ ಹೆಸರು, ರದ್ದಿ. "ಈ ಊರಾಗ ರದ್ದಿಯವಾ ಬರೂದಿಲ್ಲಂತ ನೀ ಇಷ್ಟ ಕೂಡಿಹಾಕೀ," ಎಂದು ಬಂದವರ ಮುಂದೆಲ್ಲ ಹೇಳುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು, ಆದರೂ ನನಗೆ ಚುಚ್ಚುತ್ತಿತ್ತು. ನಾನು ಸಿಟ್ಟಿನವಳು, ಅವರು ಬಾಯಿಯವರು. ನಮ್ಮಿಬ್ಬರ ನಡುವೆ ನನ್ನ ಗಂಡ ಕಿವುಡನ ಹಾಗೆ ಓಡಾಡಿಕೊಂಡಿದ್ದ.

ಈ ಸಲದ ದಸರೆಯಲ್ಲಿ ಖಂಡೇನವಮಿಯ ಆಯುಧಪೂಜೆಯನ್ನು ಎಲ್ಲರಿಗೂ ರಜೆ ಇರುತ್ತದೆಂದು ಶನಿವಾರಕ್ಕೆ ಇಟ್ಟುಕೊಂಡೆವು. ಎಲ್ಲರಿಗೂ ಅಂದರೆ ನನ್ನನ್ನು ಬಿಟ್ಟು. ಕನ್ನಡಕದ ಅಂಗಡಿಗೆ ಶನಿವಾರವೇ ಸುಗ್ಗಿ. ಸೋಮವಾರ ನೆರೆಮನೆಯ ಮುದುಕರಿಗೆ ಸೊಂಟದ ಆಪರೇಷನ್ ಇತ್ತು. ಅದು ಚೆನ್ನಾಗಿಯೇ ಆಯಿತು, ಈಗ ವಾಕರ್ ಹಿಡಿದು ಓಡಾಡುತ್ತಾರೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ವಾರ ಅದು ಯಾರಿಗೂ ಗೊತ್ತಿರಲಿಲ್ಲ. ಎಂಬತ್ತೈದರ ಜೀವ, ಹೃದಯವೂ ಅಷ್ಟು ಗಟ್ಟಿಯಿಲ್ಲ. ಫೋನ್ ಮಾಡಿ, "ಭಾನುವಾರ ನನ್ನ ಕಾರ್ಡು ತಾ. ಆಸ್ಪತ್ರೆಗೆ ಅದು ನನ್ನ ಜೊತೆ ಬರಬೇಕು," ಅಂದಿದ್ದರು. ನನ್ನ ಕೈಗಿಟ್ಟ ಮೇಲೆ ಅವರು ಅದನ್ನು ತಾವಾಗಿ ಕೇಳಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ನಾನು ಬೂಟು ಹಾಕಿಕೊಳ್ಳುವಾಗ ಅತ್ತೆ ಬಾಗಿಲಿಗೆ ಬಂದರು.

"ನಿನ್ನ ಆಯುಧ ಏನವಾ? ಪೂಜಾಕ್ಕ ಏನ್ ಇಡಲಿ?"

"ನನ್ನ ಸ್ಕ್ರೂಡ್ರೈವರ್ ಎಲ್ಲಾ ಅಂಗಡ್ಯಾಗ ಅವ, ಅತ್ತಿ."

"ಮನ್ಯಾಗ ಏನೂ ಇಲ್ಲೇನು? ಎಲ್ಲಾರದೂ ಇಟ್ಟು ನಿಂದ ಬಿಡಲೇನು?"

ಕಾರನ್ನು ಪೂಜೆಗೆಂದು ಮನೆಯಲ್ಲೇ ಬಿಟ್ಟಿದ್ದೆ, ನನಗೆ ಬಸ್ಸಿನ ಅವಸರ. "ನನ್ನ ಆಯುಧ ಅಂದ್ರ ನೀವು ರದ್ದಿ ಅಂತೀರಲ್ಲ, ಅದs. ಅದನ್ನs ಇಡ್ರಿ," ಎಂದು ಅಣಕಿಸಿ ಹೊರಟುಬಿಟ್ಟೆ. ಒಂದು ಪೆಟ್ಟು ಕೊಟ್ಟೆ ಎಂದು ದಾರಿಯುದ್ದಕ್ಕೂ ಒಳಗೊಳಗೇ ಖುಷಿಯಾಗಿತ್ತು.

ಸಂಜೆ ಬಂದಾಗ ಹಾಲಿನಲ್ಲಿ ಪೂಜೆ ಕಳೆಗಟ್ಟಿತ್ತು. ಮಣೆಯ ಮೇಲೆ ಈಳಿಗೆ, ಚಾಕು, ಮಿಕ್ಸರ್, ಗಂಡನ ಲ್ಯಾಪ್‌ಟಾಪ್, ಕಾರಿನ ಕೀಲಿ. ಗೋಡೆಗೆ ಒರಗಿದ ಹಿಮ ಗೋರುವ ಸಲಿಕೆಗೂ ಸೇವಂತಿಗೆ ಮಾಲೆ. ಇವೆಲ್ಲದರ ಮುಂದೆ, ರೇಷ್ಮೆಯ ಕುಪ್ಪಸದ ಕಣದ ಮೇಲೆ, ಸಾಲಾಗಿ ನನ್ನ ಕಾರ್ಡುಗಳು. ಪ್ಲಾಸ್ಟಿಕ್ ಕವರುಗಳನ್ನು ತೆಗೆದು ಪಕ್ಕಕ್ಕೆ ನೀಟಾಗಿ ಪೇರಿಸಿಟ್ಟಿದ್ದರು. ಒಬ್ಬೊಬ್ಬ ಆಟಗಾರನ ಹಣೆಗೂ ನೀರಲ್ಲಿ ಕಲಸಿದ ಅರಿಷಿಣ, ಕುಂಕುಮ, ಅದರ ಮೇಲೆ ಎರಡು ಅಕ್ಷತೆ. ಸಾಲಿನಲ್ಲಿ ಮೊದಲು ಇದ್ದದ್ದು ಅಜ್ಜಾರ ಕಾರ್ಡು. ಆ ಅಗಲವಾದ ಹಣೆಯ ನಡುವೆ ಕಾಸಿನಗಲ ಕುಂಕುಮ ಒದ್ದೆಯಾಗಿ ಹೊಳೆಯುತ್ತಿತ್ತು.

ನಾನು ಕೂಗಿದೆ. ಏನು ಕೂಗಿದೆನೋ ನೆನಪಿಲ್ಲ, ಗಂಡ ಮೇಲಿನಿಂದ ಓಡಿ ಬಂದ.

"ನೀನs ಹೇಳಿ ಹೋದ್ಯಲ್ಲವಾ," ಅಂದರು ಅತ್ತೆ, ಗಾಬರಿಯಾಗಿ.

"ಕವರ್ ಯಾಕ ತಗದ್ರಿ, ಅತ್ತಿ?"

"ಪ್ಲಾಸ್ಟಿಕ್ ಮ್ಯಾಲ ಹಚ್ಚಿದ್ರ ಅದಕ್ಕ ಹೆಂಗ ಮುಟ್ಟತದ?"

ಒರೆಸಲು ಕೈ ಚಾಚಿದೆ. ಅತ್ತೆ ನನ್ನ ಕೈ ಹಿಡಿದರು. "ಇವತ್ತ ಎತ್ತಬಾರದು. ಇವತ್ತ ಅವಕ್ಕ ವಿಶ್ರಾಂತಿ. ನಾಳೆ ಮುಂಜಾನೆ ಪೂಜಾ ಮಾಡಿ ಎತ್ತೋದು." ಅವರ ಮಾತಿಗೆ ನಾನು ನಿಲ್ಲುವವಳಲ್ಲ. ನಿಂತದ್ದು ಬೇರೆ ಕಾರಣಕ್ಕೆ. ಒದ್ದೆ ಬಣ್ಣವನ್ನು ಒರೆಸಿದರೆ ಹಣೆಯ ಬೊಟ್ಟು ಮುಖವಿಡೀ ಹರಡುತ್ತಿತ್ತು. ಹಳೆಯ ರಟ್ಟು ಸಾವಕಾಶವಾಗಿ ಕೆಂಪು ಹೀರಿಕೊಳ್ಳುವುದನ್ನು ಸುಮ್ಮನೆ ನೋಡುತ್ತ ನಿಂತೆ.

ಭಾನುವಾರ ಬೆಳಿಗ್ಗೆ ಅಕ್ಷತೆ ಉದುರಿಸಿ ಎತ್ತಿಕೊಂಡೆ. ಕಲೆ ಕೂತುಬಿಟ್ಟಿತ್ತು. ಗಂಡ ತನಗೆ ತೋಚಿದ ಉಪಾಯ ಹೇಳಿದ: "ಅಂಥಾದ್ದs ಇನ್ನೊಂದು ಆನ್‌ಲೈನ್ ಸಿಗತದ. ಈಗ ಏನರೆ ನೆಪಾ ಹೇಳು, ಆಮ್ಯಾಲ ಅದನ್ನ ಕೊಡು. ಅವರಿಗೆ ಕಣ್ಣು ಅಷ್ಟ ಕಾಣೂದಿಲ್ಲ." ನಾನು ಅವನ ಮುಖ ನೋಡಿದೆ, ಅವನು ಚಹಾ ಮಾಡಲು ಹೋದ. ಆಪರೇಷನ್ನಿಗೆ ಹೊರಟ ಮನುಷ್ಯ ಒಂದೇ ಒಂದು ವಸ್ತು ಕೇಳಿದ್ದಾರೆ. ಅದು ಕೆಟ್ಟಿದೆ ಎಂದು ಹೇಳಲೇ, ಹೇಳಿ ಆ ರಾತ್ರಿ ಅವರನ್ನು ಒಬ್ಬರನ್ನೇ ಬಿಟ್ಟು ಬರಲೇ? ಸುಳ್ಳು ಹೇಳಲೂ ನನ್ನಿಂದಾಗದು, ನಿಜ ಹೇಳಲೂ ಧೈರ್ಯವಿಲ್ಲ.

ಅಷ್ಟರಲ್ಲಿ ಅತ್ತೆ ಇಳಕಲ್ ಸೀರೆಯ ಮೇಲೆ ದಪ್ಪ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ. ಹಚ್ಚಿದಾಕಿ ನಾನು, ಹೇಳಾಕಿನೂ ನಾನs." ಅದುವರೆಗೆ ಒಮ್ಮೆಯೂ ಅವರು ವೃದ್ಧಾಶ್ರಮಕ್ಕೆ ಬಂದಿರಲಿಲ್ಲ.

ಮುದುಕರು ಕಿಟಕಿಯ ಪಕ್ಕ ಕುರ್ಚಿಯಲ್ಲಿ ಕೂತಿದ್ದರು. ಟಿವಿಯಲ್ಲಿ ಇಲ್ಲಿಯ ತಂಡದ ಬೇಸ್‌ಬಾಲ್ ಆಟ, ಸದ್ದು ಕಡಿಮೆ ಮಾಡಿತ್ತು. ಅತ್ತೆಯ ಪರಿಚಯ ಹೇಳಿದೆ, ಕಾರ್ಡು ಕೊಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದರು, ಭೂತಗನ್ನಡಿ ತೆಗೆದರು, ಮತ್ತೆ ನೋಡಿದರು. ನಾನು ತಪ್ಪಾಯಿತು ಎಂದು ಶುರುಮಾಡಿದೆ. ಅವರು ಕೈಯೆತ್ತಿ ತಡೆದರು.

"ಇದನ್ನು ಯಾಕೆ ಹಚ್ಚಿದ್ದು?"

ಹೇಳಿದೆ. ನಮ್ಮಲ್ಲಿ ವರ್ಷಕ್ಕೊಂದು ದಿನ ನಮಗಾಗಿ ದುಡಿಯುವ ವಸ್ತುಗಳಿಗೆ ಬಿಡುವು ಕೊಡುತ್ತೇವೆ, ಹೂವಿಟ್ಟು ಕೈಮುಗಿಯುತ್ತೇವೆ, ನಾನು ತಮಾಷೆಗೆ ಅಂದದ್ದನ್ನು ಇವರು ನಿಜವೆಂದುಕೊಂಡರು ಎಂದೆಲ್ಲ. ಅವರು ಭೂತಗನ್ನಡಿಯನ್ನು ಪಕ್ಕಕ್ಕಿಟ್ಟರು. ಸಿಟ್ಟು ಬಂದಿದೆ ಎಂದೇ ನಾನು ತಿಳಿದೆ.

"ನನಗೆ ಹದಿನೆಂಟಾದಾಗ ಕೆಲಸಕ್ಕೆಂದು ಉತ್ತರದ ಗಣಿಗೆ ಹೋದೆ," ಅಂದರು ಕೊನೆಗೆ. "ಮರಳಿ ಬಂದಾಗ ನನ್ನ ಕಾರ್ಡಿನ ಪೆಟ್ಟಿಗೆ ಇರಲಿಲ್ಲ. ನಮ್ಮಮ್ಮ ಕೋಣೆ ಗುಡಿಸಿ ಎಲ್ಲವನ್ನೂ ಕಸಕ್ಕೆ ಹಾಕಿದ್ದಳು. ಇದೊಂದು ನನ್ನ ಕೋಟಿನ ಜೇಬಿನಲ್ಲಿತ್ತು, ಉಳಿಯಿತು." ಇಲ್ಲಿ ಆ ವಯಸ್ಸಿನ ಎಷ್ಟೋ ಜನ ಈ ಕತೆ ಹೇಳುತ್ತಾರೆ. ಕಾರ್ಡಿನ ಸಂತೆಗಳಲ್ಲಿ ಅದನ್ನು ಹೇಳಿ ನಗುವವರನ್ನು ಬೇಕಾದಷ್ಟು ನೋಡಿದ್ದೇನೆ. ಇವರು ನಗಲಿಲ್ಲ. "ಆಮೇಲೆ ನಾನು ಅವಳ ಜೊತೆ ಸರಿಯಾಗಿ ಮಾತಾಡಲೇ ಇಲ್ಲ. ಅವಳು ಹೋಗುವವರೆಗೂ."

ನಾನು ಅತ್ತೆಗೆ ಮೆಲ್ಲಗೆ ಕನ್ನಡದಲ್ಲಿ ಹೇಳಿದೆ. ಅವರು ಸೆರಗಿನ ತುದಿ ಹಿಡಿದು ಕೇಳುತ್ತಿದ್ದರು.

"ಇದು ನನ್ನದು ಎಂದು ಅವರಿಗೆ ಗೊತ್ತಿತ್ತೇ? ಕೇಳು," ಅಂದರು ಮುದುಕರು.

"ಗೊತ್ತಿರಲಾರದೇನು?" ಅಂದರು ಅತ್ತೆ. "ಅಜ್ಜಾರ ಕಾರ್ಡು, ಅಜ್ಜಾರ ಕಾರ್ಡು ಅಂತ ನೀ ದಿನಾ ಬಡಕೊತಿದ್ಯಲ್ಲ. ಅದಕ್ಕs ಎಲ್ಲಾಕ್ಕಿಂತ ಮೊದಲು ಅದಕ್ಕ ಹಚ್ಚಿದೆ. ದೊಡ್ಡವರಿಗೆ ಮೊದಲು."

ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು, ಟಿವಿಯ ಕಡೆ ಮುಖ ಮಾಡಿ, ಆಟ ನೋಡದೆ ಕೂತರು. ಆಮೇಲೆ ಅಂದರು: "ನಮ್ಮಮ್ಮ ಕೆಟ್ಟವಳಲ್ಲ ಎಂದು ಇವರಿಗೆ ಹೇಳು. ಅವು ನನಗೆ ಏನು ಎಂದು ಅವಳಿಗೆ ಗೊತ್ತಿರಲಿಲ್ಲ. ನಾನು ಒಂದು ದಿನವೂ ಅವಳಿಗೆ ಹೇಳಿರಲಿಲ್ಲ."

ಅತ್ತೆಗೆ ಅದನ್ನು ಹೇಳಿದೆ. ಅವರು ಕುರ್ಚಿ ಎಳೆದುಕೊಂಡು ಮುದುಕರ ಹತ್ತಿರ ಕೂತರು.

"ಈಗರೆ ಹೇಳಿದ್ರಲ್ಲ," ಅಂದರು. "ಆಕಿ ಕೇಳಿರ್ತಾಳ ಅನ್ನು ಅವರಿಗೆ."

ಅದನ್ನು ಇಂಗ್ಲಿಷಿಗೆ ತರಲು ಹೋದೆ. ಅರ್ಧ ಹೇಳಿದೆ. ಉಳಿದದ್ದು ಅತ್ತೆಯ ಮುಖ ನೋಡಿಯೇ ಅವರಿಗೆ ತಿಳಿದಿರಬೇಕು. ಕಾರ್ಡಿನ ಮೇಲೆ ಅಂಗೈ ಮುಚ್ಚಿಕೊಂಡು ಅಮ್ಮಾ ಅಂದರು, ಅವರ ಭಾಷೆಯಲ್ಲಿ.