ಎತ್ತು ಬೊಮ್ಮಯ್ಯ

ಬೊಮ್ಮಯ್ಯನಿಗೆ ಓದು ಬರಹ ಬರುತ್ತಿರಲಿಲ್ಲ. ಸೊನ್ನೆಯೊಂದು ಮಾತ್ರ ಗೊತ್ತಿತ್ತು. ಅದನ್ನು ಕಲಿಸಿದವನು ನಾನು. ಹೆಮ್ಮೆ ಪಡುವ ವಿಷಯವೇನಲ್ಲ.

೧೯೬೩ರಲ್ಲಿ ನಾನು ಹೊನ್ನಾವರದ ಹೊಳೆದಂಡೆಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹಾಜರಿ ಬರೆಯುವ ಕಾರಕೂನ. ಬೊಮ್ಮಯ್ಯ ಹಿರೇಗುತ್ತಿಯವನು, ಮಣ್ಣು ತುಳಿಯುವ ಆಳು. ಮಳೆ ಹಿಡಿದರೆ ಹಂಚು ಒಣಗುವುದಿಲ್ಲವೆಂದು ಅರ್ಧಕ್ಕರ್ಧ ಆಳುಗಳನ್ನು ಮನೆಗೆ ಕಳಿಸುತ್ತಿದ್ದರು. ಕಾರ್ಖಾನೆಯ ವಾಲಿಬಾಲ್ ತಂಡದ ಆರು ಜನರನ್ನು ಮಾತ್ರ ಮಳೆಗಾಲದಲ್ಲೂ ಇಟ್ಟುಕೊಳ್ಳುವ ರೂಢಿ. ನಮ್ಮ ಮ್ಯಾನೇಜರ್ ಸಾಹೇಬರಿಗೆ ಆ ಆಟದ ಹುಚ್ಚು.

ತಂಡದಲ್ಲಿ ಹೊಡೆಯುವವನು ಅಣ್ಣಪ್ಪ. ಅವನಿಗೆ ಚೆಂಡು ಎತ್ತಿಕೊಡುವವನು ಬೊಮ್ಮಯ್ಯ. ಅಣ್ಣಪ್ಪ ಓಡಿ ಬರುತ್ತಾ "ಎತ್ತೋ!" ಎಂದು ಕೂಗಿದರೆ ಸಾಕು, ಎಂಥ ಕೆಟ್ಟ ಚೆಂಡಾದರೂ ಬಲೆಯ ಮೇಲೆ ಅವನಿಗಾಗಿ ಕಾದು ನಿಂತಿರುತ್ತಿತ್ತು. ಆ ಕೂಗು ಕೇಳಿ ಕೇಳಿ ನಾವು ಬೊಮ್ಮಯ್ಯನಿಗೆ 'ಎತ್ತು' ಎಂದೇ ಹೆಸರಿಟ್ಟೆವು. ಮಣ್ಣು ತುಳಿಯುವ ಎತ್ತೂ ಹೌದು. ಅವನೂ ನಗುತ್ತಿದ್ದ.

ಆ ವರ್ಷ ಸಾಹೇಬರು ನನ್ನ ಕೈಗೊಂದು ಉದ್ದನೆಯ ವಹಿ ಕೊಟ್ಟರು. ಪ್ರತಿ ಆಟಗಾರನ ಮುಂದೆ ಎರಡು ಮನೆ: ಹೊಡೆದು ಗಳಿಸಿದ್ದು, ತಪ್ಪಿ ಕಳೆದದ್ದು. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದು ಆ ಮನುಷ್ಯನ ಬೆಲೆ.

"ಕುಮಟೆಯ ಪಂದ್ಯದಲ್ಲಿ ಕೊನೆಗೆ ಬಂದವನನ್ನು ಬಿಟ್ಟುಬಿಡುವ. ಭಟ್ಕಳದಿಂದ ಹೊಸಬನನ್ನು ತರುವ" ಎಂದರು, ಕೆಲವು ಪಂದ್ಯಗಳ ಲೆಕ್ಕ ನೋಡಿದ ಮೇಲೆ.

"ಬೊಮ್ಮಯ್ಯ ಎತ್ತಿ ಕೊಡ್ತಾನಲ್ಲ, ಸಾಹೇಬ್ರೇ..."

"ಎತ್ತಿದ್ದಕ್ಕೆ ಪಾಯಿಂಟು ಉಂಟಾ?"

ಇಲ್ಲ. ನನ್ನ ಕುರ್ಚಿಯ ಭಯ ನನಗೆ. ಬೊಮ್ಮಯ್ಯ ಜ್ವರದಿಂದ ಮಲಗಿದ ಎರಡು ಪಂದ್ಯಗಳಲ್ಲಿ ಅಣ್ಣಪ್ಪನ ಲೆಕ್ಕ ಪಾತಾಳ ಕಂಡಿತ್ತು. ಅದು ವಹಿಯಲ್ಲೇ ಇತ್ತು. ತೆರೆದು ತೋರಿಸುವಷ್ಟು ಎದೆ ನನಗಿರಲಿಲ್ಲ.

ಸುದ್ದಿ ತಿಳಿದಂದಿನಿಂದ ಬೊಮ್ಮಯ್ಯ ನನ್ನ ಕಿಟಕಿ ಬಿಡಲಿಲ್ಲ.

"ಒಡೆಯಾ, ನಂದು ಎಂತ ಆತು?"

"ಸೊನ್ನೆ."

"ಎಲ್ಲಿ, ತೋರ್ಸಿ."

ತೋರಿಸಿದೆ. ಮರುವಾರದಿಂದ ಅವನೇ ಬೆರಳಿಟ್ಟು ಗುರುತಿಸತೊಡಗಿದ. ಹೆಂಡತಿ ಮಂಗಲಾಗೆ ಏಳು ತಿಂಗಳು ನಡೆಯುತ್ತಿತ್ತು. ಎರಡು ವರ್ಷದ ಹಿಂದೆ, ಅವನಿನ್ನೂ ತಂಡಕ್ಕೆ ಸೇರದಿದ್ದ ಮಳೆಗಾಲದಲ್ಲಿ, ಅವಳಿಗೆ ಗಂಜಿಯಿಲ್ಲದೆ ಅವರ ಎಳೆಮಗು ಉಳಿದಿರಲಿಲ್ಲ. ಅದನ್ನವನು ನನಗೆ ಹೇಳಿದ್ದು ಒಂದೇ ಸಲ.

ಕುಮಟೆಯ ಪಂದ್ಯದ ದಿನ ಕಡಲ ಮೇಲೆ ಮೋಡ ಕಟ್ಟಿತ್ತು. ಅಣ್ಣಪ್ಪ "ಎತ್ತೋ!" ಎಂದು ಹಾರಿದ. ಚೆಂಡು ಬರಲಿಲ್ಲ. ಬೊಮ್ಮಯ್ಯ ತಾನೇ ಹೊಡೆದಿದ್ದ. ಪಾಯಿಂಟು ಬಂತು. ಅವನು ತಂಡದ ಕಡೆ ನೋಡಲಿಲ್ಲ, ನನ್ನ ವಹಿಯ ಕಡೆ ನೋಡಿದ. ನಾನು ಬರೆದುಕೊಂಡೆ. ಆಮೇಲೆ ಕೈಗೆ ಬಂದದ್ದನ್ನೆಲ್ಲ ಅವನೇ ಹೊಡೆದ. ಅಣ್ಣಪ್ಪ ಅಳಿದುಳಿದ ಚೆಂಡುಗಳ ಹಿಂದೆ ಬಿದ್ದು, ಕೆಲವನ್ನು ಬಲೆಗೆ, ಕೆಲವನ್ನು ಗೆರೆಯಾಚೆಗೆ ಬಾರಿಸಿದ. ನಾವು ಸೋತೆವು.

ಬೊಮ್ಮಯ್ಯ ಹೊಡೆದದ್ದು ನಾಲ್ಕು, ತಪ್ಪಿದ್ದು ಎರಡು. ತಂಡಕ್ಕೇ ಮೊದಲಿಗ. ಅಣ್ಣಪ್ಪ ಹೊಡೆದದ್ದು ಒಂದು, ತಪ್ಪಿದ್ದು ಆರು. ಸಾಹೇಬರು ಬೊಮ್ಮಯ್ಯನ ಬೆನ್ನು ತಟ್ಟಿ, ಅಣ್ಣಪ್ಪನ ಹೆಸರು ಹೊಡೆದುಹಾಕಲು ನನಗೆ ಹೇಳಿದರು. ಕೊನೆಗೆ ಬರುವವನು ಅಣ್ಣಪ್ಪನೆಂದು ಬೊಮ್ಮಯ್ಯ ಕನಸಿನಲ್ಲೂ ಎಣಿಸಿರಲಿಲ್ಲ. ನಾನು ಒಂದು ಅಂಕಿಯನ್ನೂ ಸುಳ್ಳು ಬರೆದವನಲ್ಲ. ಅದಕ್ಕೇ ನನ್ನ ಮೇಲೆ ನನಗೆ ಇಷ್ಟು ಸಿಟ್ಟು.

ಬೊಮ್ಮಯ್ಯನ ಕೆಲಸ ಉಳಿಯಿತು. ಶ್ರಾವಣದಲ್ಲಿ ಹುಟ್ಟಿದ ಮಗುವೂ ಉಳಿಯಿತು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಮೊದಲ ಮಳೆಯ ಬೆಳಿಗ್ಗೆ. ಅಣ್ಣಪ್ಪ ಗೇಟಿನ ಬಳಿ ತನ್ನ ತಗಡಿನ ಟ್ರಂಕಿನ ಮುಂದೆ ನಿಂತಿದ್ದ. ಬೊಮ್ಮಯ್ಯ ಅವನಿಗೆ ಹೆದರಿ ಚಪ್ಪರದ ಕಂಬದ ಮರೆಯಲ್ಲಿದ್ದ. ಅಣ್ಣಪ್ಪ ಬೈಯಲಿಲ್ಲ.

"ಬೊಮ್ಮಯ್ಯ, ಒಬ್ನಿಗೇ ತಲೆ ಮೇಲೆ ಇಡೂಕೆ ಆಗೂದಿಲ್ಲ. ಎತ್ತೋ."

ಬೊಮ್ಮಯ್ಯ ಮಳೆಯಲ್ಲೇ ಬಂದ. ಎರಡೂ ಕೈಯಿಂದ ಎತ್ತಿದ. ಟ್ರಂಕು ಅಣ್ಣಪ್ಪನ ತಲೆಯ ಮೇಲೆ ನೇರವಾಗಿ, ಎಲ್ಲಿರಬೇಕೋ ಅಲ್ಲೇ ಕೂತಿತು. ಅಣ್ಣಪ್ಪ ಗೇಟು ದಾಟಿ ಹೋದ. ಬೊಮ್ಮಯ್ಯನ ಕೈಗಳು ಮೇಲೆಯೇ ನಿಂತಿದ್ದವು. "ಇಳ್ಸು ಮಾರಾಯಾ" ಎಂದು ನಾನೇ ಹೋಗಿ ಹೇಳಬೇಕಾಯಿತು.