ಒಂದು ಗೇಣು ಮೇಲೆದ್ದ ಕಣ

ಎತ್ತರವಾಗಿ ಹುಟ್ಟಿದವನಿಗೆ ಲೋಕ ಗೌರವ ಕೊಡುತ್ತದೆ ಎಂಬುದು ಕುಳ್ಳಗಿರುವವರು ಹಬ್ಬಿಸಿದ ವದಂತಿ. ಆರಡಿ ಎರಡಂಗುಲದ ನನ್ನ ಅನುಭವದಲ್ಲಿ ಲೋಕ ಕೊಡುವುದು ಕೆಲಸ ಮಾತ್ರ. ಅಟ್ಟದ ಮೇಲಿನ ಉಪ್ಪಿನಕಾಯಿ ಜಾಡಿ ಇಳಿಸುವುದು, ಫ್ಯಾನಿನ ರೆಕ್ಕೆಯ ಧೂಳು ಒರೆಸುವುದು, ಹೊಳಲ್ಕೆರೆ ಬಸ್ಸಿನಲ್ಲಿ ಅಪರಿಚಿತರ ಗಂಟುಮೂಟೆಗಳನ್ನು ಮೇಲಿನ ಕಂಬಿಗೆ ಏರಿಸಿ ಊರು ಬಂದಾಗ ಮರೆಯದೆ ಇಳಿಸಿಕೊಡುವುದು, ಇವೆಲ್ಲ ನನ್ನ ಜನ್ಮಸಿದ್ಧ ಹಕ್ಕುಗಳು. ರಸಾಯನಶಾಸ್ತ್ರದ ಮೇಷ್ಟ್ರಾಗಿ ನಿವೃತ್ತನಾದ ಮೇಲೂ ಈ ಹುದ್ದೆಯಿಂದ ಮಾತ್ರ ನನಗೆ ನಿವೃತ್ತಿ ಸಿಕ್ಕಿಲ್ಲ. ಮೊನ್ನೆ ಬೆಳಿಗ್ಗೆಯೂ ಸ್ಟೂಲಿನ ಸಹಾಯವಿಲ್ಲದೆ ಫ್ಯಾನು ಒರೆಸುತ್ತ ನಿಂತಿದ್ದಾಗಲೇ ಫೋನು ಬಂತು.

ಮಾತಾಡಿದವರು ನಾನು ಓದಿದ ಚಿತ್ರದುರ್ಗದ ಕಾಲೇಜಿನ ಈಗಿನ ಬ್ಯಾಸ್ಕೆಟ್‌ಬಾಲ್ ಕೋಚು ಸವಿತಾ ಮೇಡಂ. ಹೊಸದುರ್ಗದ ಕಡೆಯ ಹೆಣ್ಣುಮಗಳು, ಮಾತಿನಲ್ಲೂ ಸೀಟಿ ಊದಿದ ಹಾಗೆ ಚುರುಕು. "ಸರ್, ಹೊಸ ಕೋರ್ಟ್ ರೆಡಿ ಐತೆ. ಗೋಡೆ ಮ್ಯಾಲೆ ನಮ್ಮ ಟೀಮಿನ ಚರಿತ್ರೆ ಬರಸ್ತಾ ಇದೀವಿ, ಕೋಚುಗಳ ಹೆಸರೂ ಹಾಕ್ಬೇಕು. ಹಳಬ್ರು ಅಂದ್ರೆ ನೀವೊಬ್ರೇ ಕೈಗೆ ಸಿಗೋರು. ಭಾನುವಾರದೊಳಗೆ ಬರ್ಕೊಡ್ರಿ ಸರ್" ಅಂದರು. ಕೈಗೆ ಸಿಗುವವನು ಎಂಬ ವಿಶೇಷಣ ನನ್ನ ಮಟ್ಟಿಗೆ ಹೊಸದೇನಲ್ಲವಾದ್ದರಿಂದ ಒಪ್ಪಿಕೊಂಡೆ. ಅರ್ಧ ಗಂಟೆಯಲ್ಲಿ ಪಟ್ಟಿಯೂ ಸಿದ್ಧವಾಯಿತು. ಮೊದಲು ರುದ್ರಪ್ಪ ಮೇಷ್ಟ್ರು, ಆಮೇಲೆ ರಹೀಂ ಸಾಹೇಬರು, ಈಗ ಸವಿತಾ ಮೇಡಂ. ಮೂರೇ ಹೆಸರು. ಬರೆದು ಮುಗಿಸಿ ಪೆನ್ನಿನ ಮುಚ್ಚಳ ಹಾಕಲು ಹೋದವನಿಗೆ ಹಾಕಲಾಗಲಿಲ್ಲ. ನಾಲ್ಕನೆಯದೊಂದು ಹೆಸರಿತ್ತು, ಅದನ್ನು ಬರೆಯಬೇಕಾದರೆ ನನ್ನದೊಂದು ಹೀನಾಯವನ್ನೂ ಹೇಳಬೇಕಾಗುತ್ತಿತ್ತು.

ಓದುಗ ಮಹಾಶಯರೇ, ನಿಧಾನವಾಗಿ ಹೇಳುತ್ತೇನೆ, ನನಗೂ ಸ್ವಲ್ಪ ಧೈರ್ಯ ಬರಲಿ.

ನಮ್ಮ ಕಾಲೇಜಿಗೆ ಬ್ಯಾಸ್ಕೆಟ್‌ಬಾಲ್ ತಂದ ರುದ್ರಪ್ಪ ಮೇಷ್ಟ್ರು ಹೊರಕೆರೆದೇವಪುರದವರು, ಮೂಲತಃ ಕಬಡ್ಡಿಯ ಆಸಾಮಿ. ಯಾವುದೋ ತರಬೇತಿ ಶಿಬಿರಕ್ಕೆ ಹೋಗಿದ್ದವರು ಈ ಆಟದ ಮೋಹಕ್ಕೆ ಬಿದ್ದು ಎರಡು ಕಬ್ಬಿಣದ ರಿಂಗು, ಒಂದು ಚೆಂಡು ಮತ್ತು ನಿಯಮಗಳ ಪುಸ್ತಕವೊಂದನ್ನು ಹೊತ್ತು ತಂದರಂತೆ. ರಿಂಗಿಗೆ ಕಂಬ ಸಿಕ್ಕಿತು, ಹತ್ತಡಿ ಅಳೆದು ಬಿಗಿದದ್ದೂ ಆಯಿತು. ನೆಲಕ್ಕೆ ಸಿಮೆಂಟು ಮಾತ್ರ ಸಿಗಲಿಲ್ಲ. ನಮ್ಮ ದುರ್ಗದ ನೆಲವೋ, ಚೆಂಡು ಬಡಿದರೆ ಒಂದು ಸಲ ಮೊಣಕಾಲಿಗೆ ಪುಟಿಯುತ್ತದೆ, ಮತ್ತೊಂದು ಸಲ ಕಲ್ಲಿಗೆ ತಾಗಿ ಪ್ರಿನ್ಸಿಪಾಲರ ಕಿಟಕಿಗೆ ಹೋಗುತ್ತದೆ. ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತಿದ್ದಾಗ ಕಾಲೇಜಿನ ಕಸ ಗುಡಿಸುವ ಮಾರಕ್ಕ ಪೊರಕೆ ಕೆಳಗಿಟ್ಟು, "ಅಷ್ಟಕ್ಯಾಕ್ ಚಿಂತಿ ಮಾಡ್ತೀರಿ ಸಾ, ಕಣ ಮಾಡಾಣ ಬಿಡ್ರಿ" ಅಂದಳಂತೆ.

ಮಾರಕ್ಕ ಹಿರಿಯೂರು ತಾಲ್ಲೂಕಿನ ಧರ್ಮಪುರದವಳು, ಕಡಲೇಕಾಯಿ ಸೀಮೆಯ ಹೆಂಗಸು. ಒಕ್ಕಲು ಕಣ ಕಟ್ಟುವುದು ಅವಳ ಕೈಗೆ ನೀರು ಕುಡಿದಷ್ಟು ಸಲೀಸು. ಕಲ್ಲು ಆರಿಸಿ, ಕೆಮ್ಮಣ್ಣು ಹರಡಿ, ನೀರು ತಳಿದು, ನೆಲ ಗಟ್ಟಿಯಾಗಲೆಂದು ಉರುಳುವ ಕಲ್ಲಿನ ರೂಲು ಎಳೆಸಿ, ಮೇಲೆ ಸಗಣಿ ಸಾರಿಸಿದಳು. ಜಗತ್ತಿನಲ್ಲಿ ಬೇರೆಲ್ಲಾದರೂ ಸಗಣಿ ಸಾರಿಸಿದ ಬ್ಯಾಸ್ಕೆಟ್‌ಬಾಲ್ ಅಂಕಣ ಇತ್ತೋ ಇಲ್ಲವೋ ನಾನರಿಯೆ. ನಮ್ಮಲ್ಲಿತ್ತು, ಅದರ ಮೇಲೆ ಚೆಂಡು ಎಷ್ಟು ಹದವಾಗಿ ಪುಟಿಯುತ್ತಿತ್ತೆಂದರೆ ಕಣ್ಣುಮುಚ್ಚಿ ಆಡಬಹುದಿತ್ತು. ಬೂಟು ನಿಷಿದ್ಧ. ಬರಿಗಾಲಲ್ಲಿ ಆಡಬೇಕು, ಶನಿವಾರ ಶನಿವಾರ ಆಟಗಾರರೇ ಬಕೆಟ್ಟು ಹಿಡಿದು ಸಾರಿಸಬೇಕು. ಅಪ್ಪನ ಕಾಳುಕಡ್ಡಿ ಅಂಗಡಿಯಲ್ಲಿ ಒಂದು ಮೂಟೆಯನ್ನೂ ಎತ್ತದೆ ಬೆಳೆದ ನಾನು, ಎತ್ತರವೊಂದನ್ನೇ ಯೋಗ್ಯತೆಯಾಗಿ ಹೊತ್ತು ತಂಡ ಸೇರಿದವನು, ಮೊದಲ ಶನಿವಾರ ಎರಡು ಬೆರಳಲ್ಲಿ ಸಗಣಿ ಹಿಡಿದು ನಿಂತಾಗ ಮಾರಕ್ಕ ನಕ್ಕ ನಗು ಜೋಗಿಮಟ್ಟಿ ಬೆಟ್ಟಕ್ಕೆ ಕೇಳಿಸಿರಬೇಕು.

ಆದರೆ ಅವಳು ಬರೀ ಕಣದ ಯಜಮಾನಿಯಲ್ಲ. ಬೆಳಿಗ್ಗೆ ನಾವು ಬರುವ ಮುಂಚೆ ಅವಳು ಕಣದ ಅಂಚಿನಲ್ಲಿ ನಿಂತು ಹಿಂದಿನ ಸಂಜೆಯ ಆಟದ ಹೆಜ್ಜೆ ಗುರುತುಗಳನ್ನು ನೋಡುತ್ತಿದ್ದಳು. ಯಾರ ಕಾಲು ಎಲ್ಲಿ ಊರಿತು, ಎಲ್ಲಿ ಜಾರಿತು, ಯಾರು ಓಡುವ ನಾಟಕ ಮಾಡಿ ನಿಂತಲ್ಲೇ ನಿಂತರು, ಎಲ್ಲವೂ ಅವಳಿಗೆ ಅಲ್ಲಿ ಬರೆದಿಟ್ಟ ಹಾಗೆ ಕಾಣುತ್ತಿತ್ತು. "ಏನಪ್ಪ ಉದ್ದಣ್ಣ, ನಿನ್ನೆ ಬರೇ ಬಲಗಡೀಕೇ ಓಡಿದೀಯಲ್ಲ, ಎಡಗಡೆ ಯಾರಾನ ಮುಳ್ಳು ಹಾಕಿದ್ರಾ?" ಎಂದು ಕೇಳಿದ ದಿನ ನನಗೆ ಅವಮಾನವಾಯಿತು, ಹೌದಲ್ಲ ಎಂದು ಹೊಳೆದದ್ದು ಆಮೇಲೆ. ಎದುರಾಳಿಗಳಿಗೂ ಅದು ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ. ರುದ್ರಪ್ಪ ಮೇಷ್ಟ್ರು ದೊಡ್ಡ ಮನುಷ್ಯರು. ಪೊರಕೆ ಹಿಡಿದವಳ ಮಾತು ಎಂದು ತಳ್ಳಿಹಾಕದೆ ದಿನಾ ಬೆಳಿಗ್ಗೆ ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತು ಕೇಳಿಸಿಕೊಳ್ಳುತ್ತಿದ್ದರು, ಸಂಜೆ ಅದನ್ನೇ ನಮಗೆ ಕಲಿಸುತ್ತಿದ್ದರು. ಎಡಗಡೆಗೆ ನುಗ್ಗುವುದನ್ನು ನಾನು ಕಲಿತದ್ದು ಹಾಗೆ, ತಂಡದ ನಾಯಕನಾದದ್ದೂ ಹಾಗೆ.

ಆಗ ಜಿಲ್ಲೆಯಲ್ಲಿ ಸರಿಯಾದ ರಿಂಗು ಇದ್ದದ್ದು ನಮ್ಮಲ್ಲಿ ಮಾತ್ರವಾದ್ದರಿಂದ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ತಂಡಗಳೆಲ್ಲ ನಮ್ಮ ಕಣಕ್ಕೇ ಬಂದು, ಸಗಣಿ ಟೀಮು ಎಂದು ಮೂಗು ಮುಚ್ಚಿಕೊಂಡು, ಸೋತು ಹೋಗುತ್ತಿದ್ದವು. ನಾವು ಎಸೆದದ್ದೆಲ್ಲ ರಿಂಗಿನೊಳಕ್ಕೆ ಬೀಳುತ್ತಿತ್ತು. ಅಪರೂಪಕ್ಕೆ ಪರಸ್ಥಳಕ್ಕೆ ಹೋದಾಗ ಸೋಲುತ್ತಿದ್ದೆವು ನಿಜ, ಅದಕ್ಕೆ ಅಲ್ಲಿನ ನೀರು, ಅಲ್ಲಿನ ಉಪ್ಪಿಟ್ಟು, ಅಲ್ಲಿನ ರೆಫರಿ ಕಾರಣ ಎಂದು ಏಕಕಂಠದಿಂದ ತೀರ್ಮಾನಿಸಿದ್ದೆವು. ನನ್ನ ಕೊನೆಯ ವರ್ಷ ದಾವಣಗೆರೆಯಲ್ಲಿ ದೊಡ್ಡ ಪಂದ್ಯಾವಳಿ ನಡೆಯಿತು. ಗೆದ್ದೇ ಬರುತ್ತೇವೆಂದು ಊರಿಗೆಲ್ಲ ಸಾರಿ ಹೋದೆ. ಅಯ್ಯೋ, ಆ ಮಧ್ಯಾಹ್ನವನ್ನು ಈಗ ನೆನೆದರೂ ಕಿವಿ ಬಿಸಿಯಾಗುತ್ತದೆ! ಎಸೆದ ಚೆಂಡುಗಳೆಲ್ಲ ರಿಂಗಿನ ಮೂತಿಗೆ ಬಡಿದು ವಾಪಸ್ಸು ಬಂದವು. ಜನ ಎಣಿಸಿಕೊಂಡು ನಕ್ಕರು.

ವಾಪಸ್ಸು ಬಂದ ಮರುದಿನ ಮೇಷ್ಟ್ರು ಟೇಪು ತಂದು ನಮ್ಮ ರಿಂಗನ್ನು ಅಳೆದರು. ಒಂದು ಗೇಣು ಕಡಿಮೆ! ಕಂಬ ಕುಸಿದಿರಲಿಲ್ಲ, ನೆಲ ಎದ್ದಿತ್ತು. ಪ್ರತಿ ವರ್ಷ ಮಳೆಗಾಲ ಕಳೆದ ಮೇಲೆ ಮಾರಕ್ಕ ಹೊಸ ಮಣ್ಣು ಹರಡಿ ರೂಲು ಎಳೆಸುತ್ತಿದ್ದಳಲ್ಲ, ಒಕ್ಕಲು ಕಣಕ್ಕೆ ಅದು ಶ್ರೇಯಸ್ಸು. ಬೆರಳು ಬೆರಳಾಗಿ ಏಳೆಂಟು ವರ್ಷದಲ್ಲಿ ಕಣ ಮೇಲೇರಿ ರಿಂಗಿನ ಹತ್ತಿರ ಹೋಗಿಬಿಟ್ಟಿತ್ತು. ನಾವು ಗಿಡ್ಡ ರಿಂಗಿಗೆ ಎಸೆಯುವುದರಲ್ಲಿ ಪಾರಂಗತರಾಗಿದ್ದೆವು. ಮೇಷ್ಟ್ರು ಟೇಪು ಹಿಡಿದೇ ನೆಲದ ಮೇಲೆ ಕೂತು ಹೊಟ್ಟೆ ಹಿಡಿದು ನಕ್ಕರು. ನನಗೆ ನಗು ಬರಲಿಲ್ಲ. ಬಕೆಟ್ಟು ಹಿಡಿದು ನಿಂತಿದ್ದ ಮಾರಕ್ಕನ ಮುಂದೆ ಹೋಗಿ, ಇಡೀ ತಂಡದ ಎದುರಿಗೆ, "ಎಲ್ಲ ನಿನ್ನಿಂದ್ಲೇ ಆಗಿದ್ದು. ಕಸ ಗುಡಿಸೋಳು ಕಸ ಗುಡಿಸ್ಕಂಡಿರ್ಬೇಕು" ಅಂದೆ.

ಹೌದು, ಅಂದೆ. ಎಡಗಡೆಗೆ ಓಡಲು ಕಲಿಸಿದವಳಿಗೆ ಅಂದೆ.

ಅವಳು ಬಕೆಟ್ಟು ಕೆಳಗಿಟ್ಟು ಹೋದಳು. ಮುಂದಿನ ವಾರದಿಂದ ಕೆಲಸಕ್ಕೂ ಬರಲಿಲ್ಲ, ಧರ್ಮಪುರಕ್ಕೆ ಹೊರಟುಹೋದಳಂತೆ ಎಂದು ಜವಾನರು ಹೇಳಿದರು. ಮೇಷ್ಟ್ರು ನನ್ನನ್ನು ಕರೆದು, "ತಪ್ಪು ನಂದು ಲೇ. ಅಳೀಬೇಕಾದೋನು ನಾನು. ನೀನು ಹೋಗಿ ಆಯಮ್ಮನ ಹತ್ರ ತಪ್ಪಾಯ್ತು ಅಂದು ಬಾ" ಎಂದರು. ಹೋಗುತ್ತೇನೆ ಎಂದೆ. ಪರೀಕ್ಷೆ ಬಂತು, ಎಂ.ಎಸ್ಸಿ ಬಂತು, ನೌಕರಿ ಬಂತು, ಮದುವೆ ಬಂತು. ಧರ್ಮಪುರದ ಬಸ್ಸೂ ದಿನಾ ಬರುತ್ತಿತ್ತು, ಅದನ್ನು ಮಾತ್ರ ನಾನು ಹತ್ತಲಿಲ್ಲ.

ಆಮೇಲಿನ ಚರಿತ್ರೆ ಸವಿತಾ ಮೇಡಂಗೂ ಗೊತ್ತು. ಮೇಷ್ಟ್ರ ನಂತರ ಬಂದ ಹಿರಿಯೂರಿನ ರಹೀಂ ಸಾಹೇಬರು ಸಿಮೆಂಟು ಹಾಕಿಸಿದರು, ಹುಡುಗಿಯರ ತಂಡ ಕಟ್ಟಿದರು. ಆದರೆ ಗುರುವಾರ ಗುರುವಾರ ಆ ಸಿಮೆಂಟಿನ ಮೇಲೆ ಜರಡಿ ಹಿಡಿದ ಕೆಮ್ಮಣ್ಣನ್ನು ತೆಳುವಾಗಿ ಉದುರಿಸಿ, ಮಕ್ಕಳನ್ನು ಬರಿಗಾಲಲ್ಲಿ ಆಡಿಸಿ, ಆಮೇಲೆ ಎಲ್ಲರನ್ನೂ ಅಂಚಿನಲ್ಲಿ ನಿಲ್ಲಿಸಿ ಅವರವರ ಹೆಜ್ಜೆ ಅವರವರೇ ನೋಡುವಂತೆ ಮಾಡುತ್ತಿದ್ದರು. ರುದ್ರಪ್ಪ ಮೇಷ್ಟ್ರು ಹೇಳಿಕೊಟ್ಟು ಹೋಗಿದ್ದ ಪದ್ಧತಿ. ರಹೀಂ ಸಾಹೇಬರ ಶಿಷ್ಯೆ ಸವಿತಾ ಮೇಡಂ ಇವತ್ತಿಗೂ ಅದನ್ನು ಬಿಟ್ಟಿಲ್ಲ. ಹೆಜ್ಜೆ ಓದುವ ಗುರುವಾರ ಎಂದೇ ಅದಕ್ಕೆ ಹೆಸರು, ಬೇರೆ ಕಾಲೇಜಿನವರು ಬಂದು ನೋಡಿಕೊಂಡು ಹೋಗುತ್ತಾರೆ. ಅದು ಯಾರ ವಿದ್ಯೆ ಎಂದು ಮಾತ್ರ ಯಾರಿಗೂ ಗೊತ್ತಿಲ್ಲ. ಮೇಷ್ಟ್ರು ತೀರಿಕೊಂಡರು, ಸಾಹೇಬರೂ ತೀರಿಕೊಂಡರು, ನನ್ನ ಜೊತೆ ಆಡಿದವರು ಎಲ್ಲೆಲ್ಲೋ ಹಂಚಿಹೋದರು. ನಾನು ಬರೆಯದಿದ್ದರೆ ಮಾರಕ್ಕ ಇರಲೇ ಇಲ್ಲ ಎಂದಾಗುತ್ತದೆ. ಮೂರು ಹೆಸರಿನ ಪಟ್ಟಿಯನ್ನು ಮಡಿಸಿ ಜೇಬಿಗಿಟ್ಟುಕೊಂಡು, ಶುಕ್ರವಾರ ಬೆಳಿಗ್ಗೆ ಹಿರಿಯೂರಿಗೆ ಹೋಗಿ ಧರ್ಮಪುರದ ಬಸ್ಸು ಹತ್ತಿದೆ.

ಅವಳು ಇದ್ದಾಳೋ ಇಲ್ಲವೋ ಎಂಬುದೇ ನನಗೆ ತಿಳಿದಿರಲಿಲ್ಲ. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ವಿಚಾರಿಸಿದಾಗ, ಕಾಲೇಜ್ ಮಾರಕ್ಕನಾ, ಹಿಂದಿನ ಬೀದಿ ಎಂದರು. ಬಿಟ್ಟು ನಾಲ್ಕು ದಶಕವಾದರೂ ಕಾಲೇಜು ಅವಳ ಹೆಸರಿಗೆ ಅಂಟಿಕೊಂಡಿತ್ತು. ಜಗಲಿಯ ಮೇಲೆ ಕೂತು ಕಡಲೇಕಾಯಿ ಬಿಡಿಸುತ್ತಿದ್ದ ಮುದುಕಿ ತಲೆಯೆತ್ತಿ, ಕಣ್ಣು ಕಿರಿದು ಮಾಡಿ, ನನ್ನನ್ನು ಕಾಲಿನಿಂದ ಮೇಲಕ್ಕೆ ನೋಡುತ್ತ ಹೋಗಿ, "ಉದ್ದಣ್ಣನೋರಲ್ವೇ? ಬರ್ರಿ, ಕುಂತ್ಕಳ್ರಿ" ಅಂದಳು. ಆ ಬಹುವಚನ ನನಗೆ ಚುಚ್ಚಿತು. ಕುಳಿತೆ. ರಾಸಾಯನಿಕ ಸಮೀಕರಣಗಳನ್ನು ಮೂವತ್ತು ವರ್ಷ ಅರಳು ಹುರಿದಂತೆ ಹೇಳಿದ ನಾಲಿಗೆ ಎರಡು ಶಬ್ದ ಹೊರಡಿಸಲು ಒದ್ದಾಡಿತು. "ಆವತ್ತು ನಾನಂದ ಮಾತು..." ಎಂದೆ.

"ನೆನಪೈತೆ" ಅಂದಳು. ಮರೆತಿದ್ದೇನೆ ಅನ್ನುತ್ತಾಳೆಂದು ಒಳಗೊಳಗೇ ಆಸೆಪಟ್ಟಿದ್ದೆ. "ಬೇಜಾರಾಗಿತ್ರಿ, ಇಲ್ಲ ಅನ್ನಲ್ಲ. ಆದ್ರೆ ಆಮ್ಯಾಕೆ ರುದ್ರಪ್ಪ ಮೇಷ್ಟ್ರು ಬಂದಿದ್ರಲ್ಲ, ನೀವು ಕಳ್ಸಿದ್ರಿ ಅಂತ. ಹುಡುಗ ಊಟ ಬಿಟ್ಟಾನೆ, ಮುಖ ತೋರಿಸಾಕೆ ನಾಚ್ಕೆ ಅವ್ನಿಗೆ, ಅವನ ಪರವಾಗಿ ನಾನು ಕೈಮುಗೀತೀನಿ ಅಂದ್ರು. ಇದೇ ಜಗಲಿ ಮ್ಯಾಲೆ ಕುಂತಿದ್ರು."

ನಾನು ಕಳಿಸಿರಲಿಲ್ಲ. ಊಟವನ್ನಂತೂ ಒಂದು ಹೊತ್ತೂ ಬಿಟ್ಟಿರಲಿಲ್ಲ. ನಾನು ಆಡದ ಕ್ಷಮೆಯ ಮಾತನ್ನು ನನ್ನ ಹೆಸರಿನಲ್ಲಿ ಹೊತ್ತುಕೊಂಡು ಆ ಮನುಷ್ಯ ದುರ್ಗದಿಂದ ಇಲ್ಲಿಯವರೆಗೆ ಬಂದು ಕೈಮುಗಿದು ಹೋಗಿದ್ದರು, ಸಾಯುವ ತನಕ ಒಂದು ದಿನವೂ ಅದನ್ನು ನನ್ನ ಮುಂದೆ ಎತ್ತಿರಲಿಲ್ಲ. ಸುಮ್ಮನೆ ತಲೆಯಾಡಿಸಿದ್ದರೆ ಎಲ್ಲ ಮುಗಿಯುತ್ತಿತ್ತು. ಮೇಷ್ಟ್ರು ನನಗಾಗಿ ಅಷ್ಟು ಸಲೀಸು ಮಾಡಿಟ್ಟಿದ್ದರು. ಆದರೆ ಆಗಲಿಲ್ಲ. "ಮಾರಕ್ಕ, ನಾನು ಅವರನ್ನ ಕಳಿಸಿರ್ಲಿಲ್ಲ. ನನಗೆ ಗೊತ್ತೇ ಇಲ್ಲ. ಅದು ನನ್ನ ಮಾತಲ್ಲ, ನನ್ನ ಮಾತು ಇವತ್ತು ಹೇಳ್ತಾ ಇದೀನಿ. ತಪ್ಪಾಯ್ತು" ಎಂದೆ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಅವಳು ಬಿಡಿಸಿದ ಬೀಜಗಳನ್ನು ಒಂದು ಹಿಡಿ ನನ್ನ ಅಂಗೈಗೆ ಸುರಿದಳು. "ಗೊತ್ತಿತ್ತು ತಗಳಪ್ಪ" ಅಂದಳು. "ಸುಳ್ಳು ಹೇಳಾಕೆ ಬರ್ತಿರ್ಲಿಲ್ಲ ಆ ಮನ್ಷನಿಗೆ. ನೆಲ ನೋಡ್ಕಂಡು ಮಾತಾಡಿದ್ರು. ನನಗೋಸ್ಕರ ಒಬ್ರು ಇಷ್ಟು ದೂರ ಬಂದು ಸುಳ್ಳು ಹೇಳ್ತಾರಲ್ಲ ಅಂತ ನಾನೂ ನಂಬಿದೋಳಂಗೆ ನಟಿಸ್ದೆ. ಈಗ ನೀನೂ ಬಂದಿ. ತಿನ್ನು."

ಬಹುವಚನ ಹೋಗಿತ್ತು. ನನ್ನ ಜೀವಮಾನದಲ್ಲಿ ಯಾವ ಸನ್ಮಾನದ ಶಾಲೂ ಅಷ್ಟು ಬೆಚ್ಚಗೆ ಮಾಡಿರಲಿಲ್ಲ. ಕಡಲೇಬೀಜ ತಿನ್ನುತ್ತ ಹೊಸ ಕೋರ್ಟಿನ ಗೋಡೆಯ ವಿಷಯ ಹೇಳಿದೆ, ಗುರುವಾರದ ವಿಷಯ ಹೇಳಿದೆ, ಅವಳನ್ನು ಎಂದೂ ಕಾಣದ ಹುಡುಗಿಯರು ಅಂಚಿನಲ್ಲಿ ನಿಂತು ತಮ್ಮ ಹೆಜ್ಜೆ ತಾವು ನೋಡಿಕೊಳ್ಳುವುದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಕಡಲೇಕಾಯಿಯನ್ನು ಬಿಡಿಸದೆ ಹಾಗೇ ಕೆಳಗಿಟ್ಟಳು. ಆಮೇಲೆ, "ಹೆಣ್ಮಕ್ಳೂ ಆಡ್ತಾವಾ?" ಎಂದು ಎರಡು ಸಲ ಕೇಳಿದಳು.

ಬಸ್‌ಸ್ಟ್ಯಾಂಡಿಗೆ ಬಂದು ಸವಿತಾ ಮೇಡಂಗೆ ಫೋನು ಮಾಡಿದೆ. ನಾಲ್ಕು ಹೆಸರು, ರುದ್ರಪ್ಪನವರ ಪಕ್ಕದಲ್ಲಿ ಮಾರಕ್ಕ ಎಂದೆ. ನಡೆದದ್ದನ್ನು, ನಾನು ಆಡಿದ್ದ ಮಾತನ್ನೂ ಸೇರಿಸಿ, ಒಂದನ್ನೂ ಬಿಡದೆ ಹೇಳಿದೆ. ಹೆಸರುಗಳ ಕೆಳಗೆ ಒಬ್ಬೊಬ್ಬರ ಹುದ್ದೆಯನ್ನೂ ಬರೆಸಬೇಕೆಂದಿದ್ದರಂತೆ. ಪೇಂಟರು ಅಲ್ಲೇ ಕುಂಚ ಹಿಡಿದು ನಿಂತಿದ್ದನಂತೆ.

"ಸರ್, ಮಾರಕ್ಕನೋರಿಗೆ ಏನಂತ ಬರೆಸ್ಲಿ?"

"ಉಳಿದ ಮೂವರಿಗೆ ಏನು ಬರೆಸ್ತೀರೋ ಅದನ್ನೇ ಬರೆಸ್ರಿ" ಅಂದೆ.